ಹನ್ನೆರಡು ಪಾಲಿನ ಮಳೆ

ಫೆಬ್ರವರಿ ೯

ಅಕ್ಕಾ,

ನಾನು ಚೆನ್ನಾಗಿದ್ದೇನೆ, ಸಸಿಗಳು ಸತ್ತಿವೆ. ಇಷ್ಟು ಬರೆದು ಲಕೋಟೆ ಅಂಟಿಸಬಹುದಿತ್ತು. ಆರು ವರ್ಷದಿಂದ ಪ್ರತಿ ಫೆಬ್ರವರಿಯಲ್ಲೂ ನನ್ನ ಹತ್ತಿರ ಇರುವ ಸುದ್ದಿ ಇದೊಂದೇ. ಈ ಸಲ ಒಂಬತ್ತು ಸಾವಿರ. ನವೆಂಬರಿನಲ್ಲಿ ಚಿಗುರಿ ನನ್ನನ್ನು ನಂಬಿಸಿದವು, ಈಗ ಪೊರಕೆ ಕಡ್ಡಿಯಾಗಿ ನಿಂತಿವೆ.

ನಿನಗೆ ಬೇಜಾರಾಗದ ಹಾಗೆ ಹೇಳಬೇಕೆಂದು ಮೂರು ಹಾಳೆ ಹರಿದೆ. ಹೇಗೂ ಹರಿದಾಯಿತು, ನೇರವಾಗಿಯೇ ಹೇಳುತ್ತೇನೆ: ನಿನ್ನ ನಕ್ಷೆಯ ಮೇಲೆ ನನಗೆ ಅನುಮಾನ. ನಮ್ಮ ನರ್ಸರಿಯ ಹಿಂದಿನ ಇಳಿಜಾರಿಗೆ ನೀನು ಬಳಿದದ್ದು 'ಹಸಿರು ನಾಲ್ಕು'. ಅಂದರೆ ನಿತ್ಯಹರಿದ್ವರ್ಣ, ವರ್ಷವಿಡೀ ಎಲೆ ಹೊತ್ತು ನಿಲ್ಲುವ ಕಾಡು. ಆದರೆ ಅಲ್ಲಿ ನಿಂತಿರುವ ಮರಗಳು ನಿನ್ನ ನಕ್ಷೆ ಓದಿಲ್ಲ. ಡಿಸೆಂಬರ್ ಬಂತೆಂದರೆ ಎಲೆಯೆಲ್ಲ ಉದುರಿಸಿ, ಮಳೆ ಬರುವವರೆಗೂ ಬೋಳು ತಲೆಯಲ್ಲಿ ನಿಲ್ಲುತ್ತವೆ. ಹೆಸರಿಗೆ ಮಾತ್ರ ಹಸಿರು.

ಕಳೆದ ವಾರ ಜೀಪ್ ಸಾಹೇಬರು ಬಂದಿದ್ದರು. ನಮ್ಮ ಮೇಲಧಿಕಾರಿ. ಅವರು ಜೀಪಿನಿಂದ ಕೆಳಗಿಳಿದದ್ದನ್ನು ಕಂಡವರಿಲ್ಲ, ಅದಕ್ಕೇ ಆ ಬಿರುದು. ಕಿಟಕಿಯಿಂದಲೇ ನೋಡಿ, "ಏನ್ರೀ ಇದು, ಮರ ಎಲ್ಲಾ ಸತ್ತು ನಿಂತಿವೆ!" ಅಂದರು. ಮಡಿಗಳಿಗೆ ನೀರು ಹಾಕುವ ನಮ್ಮ ನೀರಜ್ಜಿ ಪಕ್ಕದಲ್ಲೇ ಇದ್ದಳು. "ಸತ್ತಿಲ್ಲ ಸ್ವಾಮಿ, ಬಟ್ಟೆ ಬದಲಾಯಿಸ್ತಾ ಇವೆ. ನೀವು ಬಾಗಿಲು ತಟ್ಟದೆ ಒಳಗೆ ಬಂದ್ರಿ, ಅಷ್ಟೆ," ಅಂದಳು. ಸಾಹೇಬರು ನಗಲಿಲ್ಲ.

ನಿನ್ನೆ ಆದೇಶ ಬಂತು. ಮೂಲದ ನಿತ್ಯಹರಿದ್ವರ್ಣ ಕಾಡು ಯಾವಾಗಲೋ ಹಾಳಾಗಿ, ಅದರ ಜಾಗದಲ್ಲಿ ಈ ಕೀಳು ಮರಗಳು ಬಂದು ಕೂತಿವೆಯಂತೆ. ಇವೇ ನೀರು ಹೀರಿ ಸಸಿಗಳನ್ನು ಕೊಲ್ಲುತ್ತಿವೆಯಂತೆ. ಆದ್ದರಿಂದ ಮಳೆಗೆ ಮುಂಚೆ ಇಡೀ ಇಳಿಜಾರನ್ನು ಬೋಳಿಸಿ, ನಕ್ಷೆಯ ಪ್ರಕಾರ ನೆಡತಕ್ಕದ್ದು. ಏಪ್ರಿಲ್ ಇಪ್ಪತ್ತೈದಕ್ಕೆ ಗರಗಸ ಬರುತ್ತದೆ.

ಅಷ್ಟರೊಳಗೆ ಆ ಗೆರೆಯನ್ನು ಇನ್ನೊಮ್ಮೆ ನೋಡು. ನಕ್ಷೆ ತಪ್ಪು ಅಂತ ನಕ್ಷೆ ಕಚೇರಿಯೇ ಹೇಳಿದರೆ ಆದೇಶ ನಿಲ್ಲುತ್ತದೆ. ನಾನು ಹೇಳಿದರೆ ಅದು ಸಸಿ ಸಾಯಿಸಿದವನ ಸಬೂಬು.

ನಿನ್ನ ತಮ್ಮ


ಫೆಬ್ರವರಿ ೨೦

ಸಸಿರಾಯರಿಗೆ,

ನಿಮ್ಮ ಶೋಕಪತ್ರ ತಲುಪಿತು. ಒಂಬತ್ತು ಸಾವಿರ ಆತ್ಮಗಳಿಗೆ ಶಾಂತಿ ಸಿಗಲಿ.

ಈಗ ಜಗಳಕ್ಕೆ ಬರೋಣ. ಹದಿನೆಂಟು ವರ್ಷದಿಂದ ಆ ನಕ್ಷೆ ಶಾಲೆ ಶಾಲೆಯ ಗೋಡೆ ಮೇಲೆ ತೂಗುತ್ತಿದೆ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಗ್ಗಿ ಬಗ್ಗಿ ನನ್ನ ಕತ್ತು ಹೋಯಿತು, ನಕ್ಷೆ ನಿಂತಿತು. ಅದು ಇಂದು ಏನು ಬೆಳೆದಿದೆ ಎಂದು ತೋರಿಸುವ ನಕ್ಷೆ ಅಲ್ಲ, ಹವಾಮಾನ ಎಲ್ಲಿ ಏನನ್ನು ಬೆಳೆಸಬಲ್ಲದು ಎಂದು ತೋರಿಸುವುದು. ಚಳಿ ಹೆಚ್ಚಿರುವ ಎತ್ತರಕ್ಕೆ ಸೂಜಿ ಎಲೆಯ ಮರ, ಅದಕ್ಕೂ ಮೇಲೆ ಬರೀ ಹುಲ್ಲು. ಮಳೆ ಮುಟ್ಟದ ತಪ್ಪಲಿಗೆ ಮುಳ್ಳುಕುರುಚಲು. ನಿನ್ನ ಇಳಿಜಾರಿಗೆ ವರ್ಷಕ್ಕೆ ಎರಡು ಸಾವಿರದ ಇನ್ನೂರ ಇಪ್ಪತ್ತೇಳು ಮಿಲಿಮೀಟರ್ ಮಳೆ. ಅಷ್ಟು ಕುಡಿದೂ ಎಲೆ ಉದುರಿಸುವ ಮರಕ್ಕೆ ಬೇರೇನೋ ಮನೋವ್ಯಥೆ ಇರಬೇಕು.

ನೀನು ನೆಡುವ ರೀತಿ ನೋಡಿಕೋ. ಚಿಕ್ಕವನಿದ್ದಾಗ ಬೀಜ ಹುಗಿದು, ಮೊಳೆತಿದೆಯಾ ಅಂತ ದಿನಾ ಅಗೆದು ನೋಡುತ್ತಿದ್ದವನು ನೀನು.

ಅಪ್ಪ ಇಲ್ಲಿ ಹಾಯಾಗಿದ್ದಾರೆ. ಮರೆವು ಸ್ವಲ್ಪ ಜಾಸ್ತಿಯಾಗಿದೆ, ನ್ಯಾಯ ಒಂದಿಷ್ಟೂ ಕಮ್ಮಿಯಾಗಿಲ್ಲ. ನಿನ್ನೆ ಕಿತ್ತಳೆ ಸುಲಿದರು. ಹತ್ತು ತೊಳೆ. ನಾನು, ಅಪ್ಪ, ನಿನ್ನ ಭಾವ, ತಲಾ ಮೂರು. ಹತ್ತನೆಯದನ್ನು ಎಂದಿನಂತೆ ಬ್ಲೇಡಿನಲ್ಲಿ ಮೂರು ಹೋಳು ಮಾಡಿದರು. ರಸವೆಲ್ಲ ತಟ್ಟೆಗೆ, ನ್ಯಾಯ ಮಾತ್ರ ನಮ್ಮ ಬಾಯಿಗೆ.

ಅಕ್ಕ


ಮಾರ್ಚ್ ೪

ಅಕ್ಕಾ,

ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ವರ್ಷದ ಊಟವನ್ನೆಲ್ಲ ಒಂದೇ ವಾರ ಬಡಿಸಿ, ಉಳಿದ ಐವತ್ತೊಂದು ವಾರ ಕೈ ತೊಳೆಸಿ ಕೂರಿಸಿದರೆ ನೀನು ಬದುಕುತ್ತೀಯಾ? ಲೆಕ್ಕದಲ್ಲಿ ಊಟ ಅಷ್ಟೇ ಇರುತ್ತದಲ್ಲ! ಮರಕ್ಕೂ ಹಾಗೆಯೇ. ಎಷ್ಟು ಮಳೆ ಅನ್ನುವುದು ಅರ್ಧ ಪ್ರಶ್ನೆ. ಎಷ್ಟು ತಿಂಗಳು ಬಾಯಾರಿಕೆ ಅನ್ನುವುದು ಇನ್ನರ್ಧ. ಬೆಟ್ಟದ ಆ ಮಗ್ಗುಲಿಗೆ ಹೋದರೆ ಮಾರ್ಚಿನಲ್ಲೂ ಮಧ್ಯಾಹ್ನದ ಹೊತ್ತಿಗೆ ಮೋಡ ಬಂದು ನೆಂಟರ ಹಾಗೆ ಕೂರುತ್ತದೆ, ಏಳುವುದೇ ಇಲ್ಲ. ಎಲೆ ತೊಟ್ಟಿಕ್ಕುತ್ತಿರುತ್ತದೆ, ಮರಕ್ಕೆ ಉದುರಿಸುವ ಅಗತ್ಯವೇ ಇಲ್ಲ. ಅಲ್ಲಿ ನಿನ್ನ ಹಸಿರು ನಾಲ್ಕು ಸರಿ. ಈ ಮಗ್ಗುಲಿಗೆ ಅದೇ ಮಳೆ ನಾಲ್ಕೈದು ತಿಂಗಳು ಧೋ ಎಂದು ಸುರಿದು, ಹೇಳದೆ ಕೇಳದೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಎಲೆ ಇಟ್ಟುಕೊಂಡರೆ ಆ ಎಲೆಯಿಂದಲೇ ಒಳಗಿನ ನೀರೆಲ್ಲ ಆವಿ. ಅದಕ್ಕೇ ಇಲ್ಲಿನ ಮರ ಎಲೆ ಕಳಚಿಟ್ಟು ಕಾಯುತ್ತದೆ. ಅದು ಕಾಯಿಲೆ ಅಲ್ಲ, ಜಾಣತನ. ಎಲೆ ನೋಡಿ ಎಲ್ಲೆ ಹಾಕಬೇಕು ಅಕ್ಕಾ, ಎಲ್ಲೆ ಹಾಕಿ ಎಲೆ ಹುಡುಕಬಾರದು.

ನಿನ್ನ ನಕ್ಷೆಯ ಬೆನ್ನ ಮೇಲಿನ ವಿವರಣೆ ಓದಿದೆ. ನಮ್ಮ ಇಳಿಜಾರಿಗೆ 'ಒಣ ತಿಂಗಳು: ಇಲ್ಲ' ಅಂತಿದೆ. ಇಲ್ಲವಂತೆ! ಇಲ್ಲಿ ಕೂತು ಬರೆಯುವಾಗ ಪೆನ್ನಿನ ಶಾಯಿಯೂ ಒಣಗುತ್ತಿದೆ.

ಆ ಅಂಕಿ ಬಂದದ್ದು ಬೆಟ್ಟದ ಹೆಗಲ ಮೇಲಿರುವ ಮಳೆಮಾಪಕದಿಂದ, ಅಂದರೆ ಅಪ್ಪನಿಂದ. ಒಂಬತ್ತು ವರ್ಷ ಅಳೆದವರು ಅವರು. ಪ್ರತಿ ತಿಂಗಳ ಕೊನೆಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ತಪ್ಪಿರಲಾರರು. ಯಾರೋ ಗುಮಾಸ್ತ ನಕಲು ಮಾಡುವಾಗ ಎಡವಿದ್ದಾನೆ. ಅಪ್ಪನ ತಿಂಗಳವಾರು ಪುಸ್ತಕ ನಿಮ್ಮ ನೆಲಮಾಳಿಗೆಯಲ್ಲಿ ಇರಲೇಬೇಕು. ಅದನ್ನು ತೆಗೆದು ನೋಡು. ಅಪ್ಪನ ಅಕ್ಷರವೇ ಸಾಕ್ಷಿ.

ತಮ್ಮ


ಮಾರ್ಚ್ ೧೫

ತಮ್ಮಾ,

ನೆಲಮಾಳಿಗೆಗೆ ಬಣ್ಣ ಹೊಡೆಯುತ್ತಿದ್ದಾರೆ, ಬೀಗ ಹಾಕಿದೆ. ಅಷ್ಟು ಹಳೆಯ ಪುಸ್ತಕ ಇದೆಯೋ ಗೆದ್ದಲು ತಿಂದಿದೆಯೋ. ಒಂದು ಸ್ವೆಟರ್ ಕಳಿಸಿದ್ದೇನೆ, ತೋಳು ಉದ್ದವಾದರೆ ಮಡಚಿಕೋ.

ಅಕ್ಕ


ಮಾರ್ಚ್ ೨೯

ಅಕ್ಕಾ,

ನೆತ್ತಿ ಸುಡುವ ಬಿಸಿಲಲ್ಲಿ ನೀನು ಕಳಿಸಿದ ಸ್ವೆಟರ್ ಬಂತು. ನಕ್ಷೆಯಲ್ಲಿ ನಮ್ಮ ಇಳಿಜಾರು ಹಿಮಪ್ರದೇಶಕ್ಕೆ ಬಡ್ತಿ ಪಡೆದಿದೆಯೇ?

ನಾಲ್ಕು ಪುಟ ಬರೆದವಳು ನಾಲ್ಕು ಸಾಲಿಗೆ ಇಳಿದಿದ್ದೀಯ. ನಿನಗೆ ಮಾತು ಕಮ್ಮಿಯಾದದ್ದು ನನ್ನ ನೆನಪಿನಲ್ಲಿ ಎರಡೇ ಸಲ. ಅಮ್ಮ ಹೋದಾಗ ಒಮ್ಮೆ, ಭಾವನಿಗೆ ಕೊಟ್ಟ ಮಾತನ್ನು ಮನೆಯಲ್ಲಿ ಹೇಳಲಾಗದೆ ಒದ್ದಾಡುತ್ತಿದ್ದಾಗ ಒಮ್ಮೆ. ಇದು ಮೂರನೆಯದು. ಏನೋ ಮುಚ್ಚಿಡುತ್ತಿದ್ದೀಯ.

ಇಲ್ಲಿ ಮರಗಳಿಗೆ ನಂಬರು ಹಾಕಿಸಿದರು. ಸೊಂಟದೆತ್ತರದಲ್ಲಿ ತೊಗಟೆ ಕೆತ್ತಿ, ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಬರೆಯುವ ಕೆಲಸ ನನ್ನದೇ. ಅಕ್ಷರ ದುಂಡಗಿದೆಯಂತೆ, ಹೊಗಳಿದರು. ನಿನ್ನೆ ಸಂಜೆ ಸಾವಿರದ ನೂರ ನಲವತ್ತಕ್ಕೆ ಮುಗಿಯಿತು. ನೀರಜ್ಜಿ ಹಿಂದೆಯೇ ಬಂದು ಕೆತ್ತಿದ ಜಾಗಕ್ಕೆಲ್ಲ ಒದ್ದೆ ಮಣ್ಣು ಮೆತ್ತುತ್ತಿದ್ದಳು. "ಏನಜ್ಜಿ ಇದು, ಕಡಿಯೋ ಮರಕ್ಕೆ ಮದ್ದು?" ಅಂದೆ. "ನಿಂಗೆ ಬರೆಯೋಕೆ ಸಂಬಳ, ನಂಗೆ ಮೆತ್ತೋಕೆ. ನಿನ್ನ ಕೆಲಸ ನೀನು ನೋಡು," ಅಂದಳು.

ಬೆರಳ ಸಂದಿಯ ಬಿಳಿ ಬಣ್ಣ ಸೋಪಿಗೆ ಹೋಗುತ್ತಿಲ್ಲ. ಗೆದ್ದಲು ಪುಸ್ತಕ ತಿಂದಿಲ್ಲ, ನಿನ್ನ ನಾಲಿಗೆ ತಿಂದಿದೆ. ಬರೆ.

ತಮ್ಮ


ಏಪ್ರಿಲ್ ೬

ತಮ್ಮಾ,

ನೆಲಮಾಳಿಗೆಗೆ ಬೀಗ ಹಾಕಿರಲಿಲ್ಲ. ಪುಸ್ತಕ ತೆಗೆದು ನೋಡುವ ಅಗತ್ಯವೂ ನನಗಿಲ್ಲ. ಹದಿನೆಂಟು ವರ್ಷದ ಹಿಂದೆ, ನಕ್ಷೆ ಬರೆಯುವಾಗಲೇ ನೋಡಿದ್ದೇನೆ.

ಯಾವ ಗುಮಾಸ್ತನೂ ಎಡವಲಿಲ್ಲ. ಅಪ್ಪನ ಅಕ್ಷರದಲ್ಲೇ ಇದೆ. ಜನವರಿ ನೂರ ಎಂಬತ್ತಾರು. ಫೆಬ್ರವರಿ ನೂರ ಎಂಬತ್ತಾರು. ಹೀಗೇ ಜುಲೈವರೆಗೆ. ಆಗಸ್ಟಿನಿಂದ ಡಿಸೆಂಬರಿನವರೆಗೆ ನೂರ ಎಂಬತ್ತೈದು. ಒಂಬತ್ತು ವರ್ಷವೂ ಇದೇ ಮಾದರಿ, ವರ್ಷದ ಮೊತ್ತ ಮಾತ್ರ ಹಿಂದೆ ಮುಂದೆ. ಬೇರೆ ಯಾರೇ ನೋಡಿದ್ದರೂ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಒಂದೇ ನೋಟಕ್ಕೆ ತಿಳಿಯಿತು, ನಾನು ಆ ಮನೆಯ ಕಿತ್ತಳೆ ತಿಂದು ಬೆಳೆದವಳು. ವರ್ಷದ ಮಳೆಯನ್ನು ಹನ್ನೆರಡರಿಂದ ಭಾಗಿಸಿ, ಮಿಕ್ಕ ಏಳು ಮಿಲಿಮೀಟರನ್ನು ಮೊದಲ ಏಳು ತಿಂಗಳಿಗೆ ಒಂದೊಂದು ಹಂಚಿದ್ದರು.

ಅಪ್ಪನನ್ನು ಆಗಲೇ ಕೇಳಿದೆ. ಮಾಪಕದ ಡಬ್ಬಿ ದೊಡ್ಡದು. ಒಳಗೆ ಸ್ವಲ್ಪ ಎಣ್ಣೆ ಬಿಟ್ಟರೆ ನೀರು ಆವಿಯಾಗದೆ ವರ್ಷವಿಡೀ ಉಳಿಯುತ್ತದೆ. ವರ್ಷಕ್ಕೊಮ್ಮೆ, ಡಿಸೆಂಬರಿನ ಕೊನೆಗೆ ಹತ್ತಿ ಅಳೆದು ಬರುತ್ತಿದ್ದರು. ಮೊತ್ತದಲ್ಲಿ ಸುಳ್ಳಿಲ್ಲ. ಆದರೆ ಫಾರಂನಲ್ಲಿ ಹನ್ನೆರಡು ಮನೆ ಇತ್ತು, ಖಾಲಿ ಬಿಟ್ಟರೆ ವಾಪಸ್ ಬರುತ್ತಿತ್ತು. "ಯಾವ ತಿಂಗಳಿಗೆ ಎಷ್ಟು ಬಂತೋ ನಂಗೆ ಗೊತ್ತಿಲ್ಲಮ್ಮ. ಒಬ್ಬರಿಗೆ ಜಾಸ್ತಿ ಬರೆದು ಒಬ್ಬರಿಗೆ ಕಮ್ಮಿ ಬರೆಯೋಕೆ ನಾನ್ಯಾರು?" ಅಂದರು.

ಮಿಕ್ಕ ತಿಂಗಳು ಯಾಕೆ ಹತ್ತಲಿಲ್ಲ ಅಂತ ಕೇಳುತ್ತೀಯ. ಹೋಗಿ ಬರಲು ಎರಡು ದಿನದ ದಾರಿ. ಅದೇ ಒಂಬತ್ತು ವರ್ಷ ಅಮ್ಮ ಹಾಸಿಗೆ ಹಿಡಿದಿದ್ದಳು. ನೀನು ಸಣ್ಣವನು. ಡಿಸೆಂಬರಿನಲ್ಲಿ ಮಾತ್ರ ಅತ್ತೆ ಬಂದು ಇರುತ್ತಿದ್ದರು. ಉಳಿದ ತಿಂಗಳು ಅಪ್ಪ ಚೀಲ ಹೊತ್ತು ನಿನ್ನ ಕಣ್ಣೆದುರಿಗೆ ಹೊರಟು, ನೀನು ಶಾಲೆಗೆ ಹೋದ ಮೇಲೆ ಹಿತ್ತಿಲ ಬಾಗಿಲಿನಿಂದ ವಾಪಸ್ ಬಂದು, ಕೋಣೆ ಬಾಗಿಲು ಹಾಕಿಕೊಂಡು ಅಮ್ಮನ ಹತ್ತಿರ ಕೂರುತ್ತಿದ್ದರು. ಎರಡನೆಯ ದಿನ ಮುಂಬಾಗಿಲಿನಿಂದ ಬಂದು ನಿನಗೆ ಬೆಟ್ಟದ ಕತೆ ಹೇಳುತ್ತಿದ್ದರು.

ಅವರ ಪಿಂಚಣಿ ಹೋಗುತ್ತದೆ ಅಂತ ನಾನು ಬಾಯಿ ಮುಚ್ಚಿದೆ. ಅದು ಅರ್ಧ ಸತ್ಯ. ಮಿಕ್ಕರ್ಧ ಇದು: ನಕ್ಷೆ ಚೆನ್ನಾಗಿ ಬಂದಿತ್ತು. ಬಣ್ಣ ಬಳಿದಾಗಿತ್ತು. ಅಲ್ಲಿ ಹಸಿರು ನಾಲ್ಕು ತುಂಬಾ ಒಪ್ಪುತ್ತಿತ್ತು.

ಬೈಯಿ.

ಅಕ್ಕ


ಏಪ್ರಿಲ್ ೧೧

ಬೈಯಲು ಹದಿನಾಲ್ಕು ದಿನದಲ್ಲಿ ಬಿಡುವಿಲ್ಲ. ನನಗೆ ಬರೆದದ್ದನ್ನೇ ನಿಮ್ಮ ಕಚೇರಿಗೆ ಬರೆ. ಅಮ್ಮನ ಭಾಗ ಬಿಟ್ಟು.

ಆರು ವರ್ಷ ಅಕ್ಕಾ. ಪ್ರತಿ ಫೆಬ್ರವರಿ ನಾನು ಪತ್ರ ಹಾಕಿದಾಗಲೂ ನೀನು ಸಸಿ ನೆಟ್ಟ ಗುಂಡಿಯ ಆಳ ಕೇಳುತ್ತಿದ್ದೆ.


ಏಪ್ರಿಲ್ ೨೪

ತಮ್ಮಾ,

ಬರೆದುಕೊಟ್ಟೆ. ನಮ್ಮ ಮುಖ್ಯಸ್ಥರು ಶಾಯಿ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಶಾಯಿಯಲ್ಲಿ ಬರೆದದ್ದನ್ನು ಅಳಿಸಿದರೆ ಕಚೇರಿಯೇ ಅಳಿಸಿಹೋಗುತ್ತದೆ ಎಂದು ನಂಬಿದವರು. "ನಿಮಗೆ ಮೈ ಹುಷಾರಿಲ್ವಾ?" ಅಂತ ಮೂರು ಸಲ ಕೇಳಿದರು. ನಾನು ಇಲ್ಲ ಅಂದದ್ದು ಯಾವ ಅರ್ಥದಲ್ಲಿ ಎಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ನಿನ್ನೆ ಸಮಿತಿ ಕೂತಿತು. ನಿಮ್ಮ ಜೀಪ್ ಸಾಹೇಬರೂ ಬಂದಿದ್ದರು. ಇಲ್ಲಿ ಕುರ್ಚಿಯಿಂದ ಏಳಲಿಲ್ಲ. ಪುಸ್ತಕ ಎಲ್ಲರ ಕೈಗೂ ಹೋಯಿತು. ತಪ್ಪು ಎಲ್ಲರಿಗೂ ಕಂಡಿತು. ನಾನು ಗೆದ್ದೆ ಅಂದುಕೊಂಡೆ. ಆಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ನಕ್ಷೆಗೂ ಅನ್ಯಾಯ ಆಗಬಾರದು, ಈ ತಾಯಿಯ ಮಾತಿಗೂ ಅನ್ಯಾಯ ಆಗಬಾರದು," ಅಂದರು. ಆ ದನಿ ನನಗೆ ಹುಟ್ಟಿನಿಂದ ಗೊತ್ತು.

ತೀರ್ಮಾನ: ಇಳಿಜಾರಿನ ಅರ್ಧ ಕಡಿಯುವುದು, ಅರ್ಧ ಬಿಡುವುದು. ಬಿಟ್ಟ ಅರ್ಧದ ಹಣೆಬರಹ, ಜೂನಿನಿಂದ ಒಂದು ವರ್ಷ ಹೊಸದಾಗಿ ಮಳೆ ಅಳೆದ ಮೇಲೆ. ಬೆಟ್ಟ ಹತ್ತುವವರು ಯಾರು ಎಂದಾಗ ಎಲ್ಲರೂ ಚಾವಣಿ ನೋಡಿದರು. ನಾನು ನಿನ್ನ ಹೆಸರು ಕೊಟ್ಟೆ. ಕ್ಷಮಿಸು ಅಂತ ಬರೆಯಬೇಕಾದ ಜಾಗ ತುಂಬಾ ಇದೆ, ಹಾಳೆ ಚಿಕ್ಕದು.

ಅಕ್ಕ


ಮೇ ೧೪

ಅಕ್ಕಾ,

ಅರ್ಧ ಮುಗಿಯಿತು. ಎಲ್ಲಿಂದ ಎಲ್ಲಿಗೆ ಅರ್ಧ ಅಂತ ಜೀಪ್ ಸಾಹೇಬರು ಹಗ್ಗ ಹಿಡಿಸಿದರು. ಹಗ್ಗದ ಈಚೆ ಇದ್ದ ಮರಕ್ಕೂ ಆಚೆಯದಕ್ಕೂ ಒಂದೇ ವಯಸ್ಸು, ಒಂದೇ ಜಾತಿ, ಒಂದೇ ಬಾಯಾರಿಕೆ. ಐನೂರ ಎಪ್ಪತ್ತು ಉರುಳಿತು, ಐನೂರ ಎಪ್ಪತ್ತು ನಿಂತಿದೆ. ಮಧ್ಯದಲ್ಲಿ ಹಗ್ಗ ಒಂದು ಮರದ ಬೊಡ್ಡೆಗೇ ಬಂತು. ಇದನ್ನೇನು ಮಾಡೋಣ ಅಂದರು ಕೂಲಿಯವರು. ಬ್ಲೇಡ್ ತರಲೇ ಅಂತ ನಾನು ಕೇಳಿದೆ. ಯಾರಿಗೂ ಅರ್ಥವಾಗಲಿಲ್ಲ, ಕಡಿದರು.

ಕಡಿದ ಮರದ ಒಳಗೆ ಹಸಿ ಇತ್ತು. ಬೋಳು ಮರ, ಸತ್ತ ಮರ ಅಂದರಲ್ಲ, ಗರಗಸ ಒದ್ದೆಯಾಯಿತು. ನೀರಜ್ಜಿ ಬೊಡ್ಡೆ ಮೇಲೆ ಅಂಗೈಯಿಟ್ಟು ಸಾಹೇಬರಿಗೆ ತೋರಿಸಿದಳು. ಅವರು ಗಾಜು ಏರಿಸಿಕೊಂಡರು.

ಸ್ವಲ್ಪ ದಿನ ನನಗೆ ಬರೆಯಬೇಡ.


ನವೆಂಬರ್ ೨

ತಮ್ಮಾ,

ಇದು ನಾಲ್ಕನೆಯದು, ನಿನ್ನಿಂದ ಒಂದೂ ಇಲ್ಲ. ನಮ್ಮ ಬರಹಕ್ಕೂ ಬರ ಬಂತು. ಪತ್ರಗಳನ್ನು ನೀನು ತೆರೆಯುತ್ತೀಯೋ, ಮಾಪಕಕ್ಕೆ ಮುಚ್ಚಳ ಮಾಡಿದ್ದೀಯೋ. ನನ್ನನ್ನು ನಕ್ಷೆ ಕೋಣೆಯಿಂದ ತೆಗೆದು ಅಂಚೆ ವಿಭಾಗಕ್ಕೆ ಹಾಕಿದ್ದಾರೆ. ಬೇರೆಯವರ ಪತ್ರಗಳಿಗೆ ಮುದ್ರೆ ಒತ್ತುತ್ತೇನೆ. ಜನ ಎಷ್ಟೊಂದು ಉತ್ತರ ಬರೆಯುತ್ತಾರೆ ಗೊತ್ತಾ?

ಅಪ್ಪ "ಅವನಿಗೆಷ್ಟು ತೊಳೆ ಇಟ್ಟೆ?" ಅಂತ ದಿನಾ ಕೇಳುತ್ತಾರೆ.

ಅಕ್ಕ


ಮೇ ೩೧

ಅಕ್ಕಾ,

ಈಗ ತಾನೇ ಬೆಟ್ಟ ಇಳಿದೆ. ಹನ್ನೆರಡನೆಯ ಸಲ. ಕಾಲು ಬೊಬ್ಬೆ ಎದ್ದಿದೆ, ಅದಕ್ಕೆ ಇಷ್ಟುದ್ದ ಬರೆಯಲು ಪುರಸೊತ್ತು.

ಸಮಿತಿಗೆ ನಾಳೆ ಕಳಿಸುವುದನ್ನು ಮೊದಲು ನಿನಗೆ ಬರೆಯುತ್ತೇನೆ. ಜೂನ್ ಆರುನೂರ ಹತ್ತು. ಜುಲೈ ಏಳುನೂರ ಇಪ್ಪತ್ತು. ಆಗಸ್ಟ್ ನಾನೂರ ಎಂಬತ್ತು. ಸೆಪ್ಟೆಂಬರ್ ಇನ್ನೂರ ಅರವತ್ತು. ಅಕ್ಟೋಬರ್ ನೂರ ಇಪ್ಪತ್ತು. ನವೆಂಬರ್ ಇಪ್ಪತ್ತು. ಡಿಸೆಂಬರ್ ಸೊನ್ನೆ. ಜನವರಿ ಸೊನ್ನೆ. ಫೆಬ್ರವರಿ ಸೊನ್ನೆ. ಮಾರ್ಚ್ ಸೊನ್ನೆ. ಏಪ್ರಿಲ್ ಸೊನ್ನೆ. ಮೇ ಸೊನ್ನೆ. ಮೊತ್ತ ಎರಡು ಸಾವಿರದ ಇನ್ನೂರ ಹತ್ತು. ನಿನ್ನ ನಕ್ಷೆಗೆ ಕೊಟ್ಟ ಅಪ್ಪನ ಮೊತ್ತಕ್ಕಿಂತ ಬರೀ ಹದಿನೇಳು ಕಮ್ಮಿ. ಅಷ್ಟರ ಮಟ್ಟಿಗೆ ಅವರು ಎಷ್ಟು ಸರಿಯಾಗಿ ಅಳೆಯುತ್ತಿದ್ದರು ಅಂತ ನೆನೆದು, ಅಲ್ಲೇ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನೊಂದು ಮಜಾ ಕೇಳು. ಕಡಿದ ಅರ್ಧದಲ್ಲಿ ಆದೇಶದಂತೆ ಮತ್ತೆ ನಿತ್ಯಹರಿದ್ವರ್ಣದ ಸಸಿ ನೆಟ್ಟೆ. ಮಳೆ ಬಿದ್ದದ್ದೇ ತಡ, ಕಡಿದ ಬೊಡ್ಡೆಗಳೆಲ್ಲ ಸುತ್ತಲೂ ಚಿಗುರಿ ಪೊದೆಯಾದವು. ಸೆಪ್ಟೆಂಬರಿನಲ್ಲಿ ಜೀಪ್ ಸಾಹೇಬರು ರಸ್ತೆಯಿಂದ ನೋಡಿ, "ಭಲೇ, ಎಲ್ಲಾ ಹಸಿರು! ನೆಡುತೋಪು ಯಶಸ್ವಿ ಅಂತ ಬರೀರಿ," ಅಂದರು. ಹಾಗೆ ಬರೆದು ಸಹಿ ಹಾಕಿದ್ದರೆ ನನಗೆ ಬಡ್ತಿ, ನಿಂತ ಅರ್ಧಕ್ಕೆ ಗರಗಸ. "ಸಸಿ ಅಲ್ಲ ಸಾರ್, ಅದು ನೀವು ಕಡಿಸಿದ ಮರವೇ," ಅಂದೆ. ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ಫೆಬ್ರವರಿಗೆ ಸಸಿಗಳು ಸತ್ತವು, ಚಿಗುರು ಎಲೆ ಉದುರಿಸಿ ಕಾಯುತ್ತಾ ಕೂತಿತು.

ಒಂದು ನಿಜ ಹೇಳಲೇ? ಜನವರಿಯಲ್ಲಿ ನನಗೆ ಜ್ವರ. ಮೂವತ್ತೊಂದಕ್ಕೆ ಹತ್ತಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ಮಳೆ ಬಂದಿಲ್ಲ ಅಂತ ಆಕಾಶ ನೋಡಿದವರಿಗೆಲ್ಲ ಗೊತ್ತು, ಇಲ್ಲೇ ಕೂತು ಸೊನ್ನೆ ಬರೆಯಬಹುದಿತ್ತು. ಪೆನ್ನು ತೆಗೆದೂ ಆಗಿತ್ತು. ಆ ಚೀಲದ, ಹಿತ್ತಿಲ ಬಾಗಿಲಿನ ನೆನಪು ಬಂತು. ಅಪ್ಪನ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು. ಆದರೂ ಹತ್ತಿದೆ. ಡಬ್ಬಿಯಲ್ಲಿ ಏನೂ ಇಲ್ಲ ಅಂತ ನೋಡಿ ಬರೆದೆ.

ನಿನ್ನ ಮೇಲಿನದು ಇನ್ನೂ ಇಳಿದಿಲ್ಲ. ಇಳಿಯುತ್ತಿದೆ, ತಿಂಗಳಿಗೆ ಇಷ್ಟಿಷ್ಟು, ಸಮನಾಗೇನಲ್ಲ.

ಈ ಅಂಕಿಗಳನ್ನು ಅಪ್ಪನಿಗೆ ಓದಿ ಹೇಳು.

ತಮ್ಮ


ಜೂನ್ ೧೮

ತಮ್ಮಾ,

ಮೊದಲು ಕಚೇರಿ ಸುದ್ದಿ, ಅದು ಬೇಗ ಹಳಸುತ್ತದೆ. ನಿಂತ ಅರ್ಧವನ್ನು ಮುಟ್ಟಕೂಡದು ಅಂತ ಆದೇಶವಾಗಿದೆ. ಅದಕ್ಕೆ ಮುದ್ರೆ ಒತ್ತಿದವಳು ನಾನೇ, ಎರಡು ಸಲ ಒತ್ತಿದೆ. ನಕ್ಷೆಯನ್ನು ಮಾತ್ರ ಮುಂದಿನ ಮುದ್ರಣದಲ್ಲಿ ತಿದ್ದುತ್ತಾರಂತೆ. ಮುಂದಿನ ಮುದ್ರಣ ಯಾವಾಗ ಅಂದರೆ, ಈಗಿನ ಪ್ರತಿಗಳು ಖರ್ಚಾದ ಮೇಲೆ. ಗೋದಾಮಿನಲ್ಲಿ ನಾಲ್ಕು ಸಾವಿರ ಇವೆ. ಅಲ್ಲಿಯವರೆಗೆ ಶಾಲೆಯ ಮಕ್ಕಳು ನನ್ನ ಸುಳ್ಳನ್ನೇ ಬಾಯಿಪಾಠ ಮಾಡಲಿ. ತಲೆ ಚಚ್ಚಿಕೊಳ್ಳೋಣ ಅಂದರೆ ಅಂಚೆ ವಿಭಾಗದ ಗೋಡೆ ಮೇಲೂ ಅದೇ ನಕ್ಷೆ ತೂಗುತ್ತಿದೆ.

ಅಪ್ಪನಿಗೆ ಓದಿದೆ. ಜೂನ್ ಅಂದಾಗ ತಲೆ ಆಡಿಸಿದರು. ಜುಲೈಗೆ "ಹ್ಞೂಂ, ಸುರಿಯುತ್ತೆ ಸುರಿಯುತ್ತೆ," ಅಂದರು. ಡಿಸೆಂಬರ್ ಸೊನ್ನೆ ಅಂದೆ. ಜನವರಿ, ಫೆಬ್ರವರಿ. ಮಾರ್ಚ್ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿ, "ಮಾರ್ಚ್‌ಗೂ ಏನೂ ಕೊಡಲಿಲ್ವಾ?" ಅಂದರು. ಇಲ್ಲಪ್ಪ, ನೋಡಿಯೇ ಬರೆದಿದ್ದಾನೆ, ತಿಂಗಳು ತಿಂಗಳೂ ಹತ್ತಿದ್ದಾನೆ ಅಂದೆ. "ಜನವರಿಯಲ್ಲೂ?" ಅಂದರು. ಜ್ವರದಲ್ಲೂ ಅಂದೆ.

ಆಮೇಲೆ ಕಿತ್ತಳೆ ಸುಲಿದರು. ಹತ್ತು ತೊಳೆ. ನನಗೆ ಮೂರು, ನಿನ್ನ ಭಾವನಿಗೆ ಮೂರು, ಅವರಿಗೆ ಮೂರು. ನಾನು ಅಭ್ಯಾಸಬಲದಿಂದ ಬ್ಲೇಡ್ ತಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಹತ್ತನೆಯ ತೊಳೆಯನ್ನು ಒಂದು ಬಟ್ಟಲಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, "ಇದು ಅವನಿಗೆ. ಪೂರ್ತಿ," ಅಂದರು.

ಮೂರು ದಿನದಿಂದ ಹಾಗೇ ಇದೆ. ಯಾರನ್ನೂ ಮುಟ್ಟಲು ಬಿಡುತ್ತಿಲ್ಲ. ಲಕೋಟೆಯಲ್ಲಿ ಹಾಕಿ ಕಳಿಸಲಾಗುವುದಿಲ್ಲ, ಒಣಗುತ್ತಿದೆ. ನೀನೇ ಬಾ.

ಅಕ್ಕ